24 ಎಚ್‌ಪಿ ಟ್ರ್ಯಾಕ್ಟರ್‌ಗೆ ಸ್ಲ್ಯಾಷರ್ ಆರಿಸಿದ್ದು: ನನ್ನ ಅನುಭವ

"ಮನೇಲಿ ರೋಟವೇಟರ್ ಇಟ್ಕೊಂಡು ಹುಲ್ಲು ಹೊಡೆಯೋ ಮಿಷಿನ್‌ಗೆ ಯಾಕಣ್ಣ ದುಡ್ಡು ಸುರೀತೀಯ?" ಅಂದವರೇ ಈ ಮುಂಗಾರಿನಲ್ಲಿ ನನ್ನ ಸ್ಲ್ಯಾಷರ್ ಬಾಡಿಗೆಗೆ ಕೇಳಿದರು. ತಿಪಟೂರು ಕಡೆ 5 ಎಕರೆ ತೆಂಗು ನಮ್ಮದು. ಮಣ್ಣು ಅಗೆದು ಪುಡಿ ಮಾಡುವ ರೋಟವೇಟರ್ ಹೊಡೆದಷ್ಟೂ ತೆಂಗಿನ ಮೇಲಿನ ಬೇರು ಹರಿಯುತ್ತದೆ, ಗರಿಕೆ ತುಂಡಾಗಿ ಇನ್ನಷ್ಟು ಹಬ್ಬುತ್ತದೆ. ಅದಕ್ಕೇ ಬಿಟ್ಟೆ.

ಅಂಗಡಿಯಲ್ಲಿ 5 ಅಡಿ ಅಗಲದ್ದನ್ನೇ ಹೊಗಳಿದರು. ಅಂಥದ್ದೊಂದನ್ನು ಬಾಡಿಗೆಗೆ ತಂದು ನೋಡಿದೆ. ಒಣ ಹುಲ್ಲಿನಲ್ಲಿ ಚೆನ್ನಾಗಿ ಓಡಿತು. ಮಳೆಗೆ ಸೊಂಟದೆತ್ತರ ಬೆಳೆದ ಕಾಂಗ್ರೆಸ್ ಗಿಡಕ್ಕೆ ನುಗ್ಗಿಸಿದರೆ ಎಂಜಿನ್ ಆಫ್. ಪಿಟಿಒಗೆ (ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಟ್ರ್ಯಾಕ್ಟರಿನ ಶಾಫ್ಟಿಗೆ) ಸಿಗುವುದು 20 ಎಚ್‌ಪಿ ಆಸುಪಾಸು, ಅಗಲದ ಪ್ರತಿ ಅಡಿಗೆ 5 ಎಚ್‌ಪಿ ಬೇಕೆಂಬುದು ನನ್ನ ಲೆಕ್ಕ. ಹಾಗಾಗಿ 4 ಅಡಿ. ಚಕ್ರದ ಜಾಡು ಅದರೊಳಗೆ ಬಂದರೆ ಸಾಕು.

ಹಗುರ ಗೇರ್‌ಬಾಕ್ಸಿನದು ಹತ್ತು ಸಾವಿರ ಕಡಿಮೆಗಿತ್ತು. ನಾನು ಹಿಡಿದದ್ದು 40 ಎಚ್‌ಪಿ ತಡೆಯುವ ಗೇರ್‌ಬಾಕ್ಸ್, ಕಲ್ಲಿಗೆ ತಗುಲಿದರೆ ಹಿಂದಕ್ಕೆ ಮಡಚುವ ಬ್ಲೇಡ್. 70 ಸಾವಿರದ ಹತ್ತಿರ ಆಯಿತು. ಮೇಲೆ ನಾಲ್ಕೈದು ಸಾವಿರ ಕೊಟ್ಟು ಓವರ್‌ರನ್ನಿಂಗ್ ಕ್ಲಚ್ (ಬ್ಲೇಡಿನ ತಿರುಗುವ ರಭಸ ಟ್ರ್ಯಾಕ್ಟರಿಗೆ ವಾಪಸ್ ಬರದಂತೆ ತಡೆಯುವ ಭಾಗ) ಹಾಕಿಸಿದೆ. ನನ್ನಂಥ ಹಳೆ ಟ್ರ್ಯಾಕ್ಟರಿಗೆ ಅದಿಲ್ಲದಿದ್ದರೆ ಕ್ಲಚ್ ತುಳಿದರೂ ತಿರುಗುವ ಬ್ಲೇಡೇ ಗಾಡಿಯನ್ನು ಮುಂದೆ ತಳ್ಳುತ್ತದೆ. ಮರದ ಬುಡದಲ್ಲಿ ಅದು ಅಪಾಯ. ಇದೊಂದರಲ್ಲಿ ಯಾರೂ ದುಡ್ಡು ಉಳಿಸಬೇಡಿ.

ಮೊದಲ ವಾರ ಶಿಯರ್ ಬೋಲ್ಟ್ (ಭಾರ ಹೆಚ್ಚಾದರೆ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವ ಬೋಲ್ಟ್) ಮುರಿದದ್ದೇ ಮುರಿದದ್ದು. ಗಟ್ಟಿ ಬೋಲ್ಟ್ ಹಾಕು ಅಂದರು ಮೆಕ್ಯಾನಿಕ್. ಹಾಕಲಿಲ್ಲ. ಬೋಲ್ಟ್‌ಗೆ ಇಪ್ಪತ್ತು ರೂಪಾಯಿ, ಗೇರ್‌ಬಾಕ್ಸ್‌ಗೆ ಇಪ್ಪತ್ತು ಸಾವಿರ! ಕಡಿಮೆ ರೇಸಿನಲ್ಲಿ ಪಿಟಿಒ ಕೊಟ್ಟು ಆಮೇಲೆ ನಿಧಾನಕ್ಕೆ ಅದನ್ನು ನಿಮಿಷಕ್ಕೆ 540 ಸುತ್ತಿಗೆ ಏರಿಸಲು ಶುರು ಮಾಡಿದ ಮೇಲೆ ಮುರಿಯುವುದು ಅಪರೂಪವಾಯಿತು. ಬಿದ್ದ ಗರಿಯನ್ನು ನೇರ ಹೊಡೆಸಬಹುದು, ಬುಡದ ದಪ್ಪ ಮಟ್ಟೆಯನ್ನು ಮಾತ್ರ ಮಚ್ಚಿನಲ್ಲಿ ಕಡಿದು ಪಕ್ಕಕ್ಕೆ ಎಸೆಯಬೇಕು.

ಬ್ಲೇಡ್ ಸಾಣೆ ಹಿಡಿದ ಮೇಲೆ ಎರಡನ್ನೂ ತಕ್ಕಡಿಗೆ ಹಾಕಿ ಸಮತೂಕ ಮಾಡಿ, ಇಲ್ಲವಾದರೆ ನಡುಕಕ್ಕೆ ಬೇರಿಂಗ್ ಹೋಗುತ್ತದೆ. 

ಮುಂಚೆ ಕೈ ಮಿಷಿನ್‌ನವರಿಗೆ ಎಕರೆಗೆ ಎರಡೂವರೆ ಸಾವಿರ ಕೊಡುತ್ತಿದ್ದೆ, ವರ್ಷಕ್ಕೆ ಮೂರು ಸಲ. ಈಗ ಎಕರೆಗೆ ಒಂದೂವರೆ ಗಂಟೆ, ನಾಲ್ಕು ಲೀಟರ್ ಡೀಸೆಲ್. ಮೂರನೇ ವರ್ಷಕ್ಕೆ ಹಾಕಿದ್ದು ಬಂತು.

ಇದರ ನಡುವೆ ಒಂದು ಎಕರೆಗೆ ಅಪ್ಸೆಣಬು (ಹಸಿರೆಲೆ ಗೊಬ್ಬರದ ಬೆಳೆ) ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ ಸ್ಲ್ಯಾಷರ್ ಹೊಡೆದು ಹಾಗೇ ಮಣ್ಣಿನ ಮೇಲೆ ಹೊದಿಕೆಯಾಗಿ ಬಿಟ್ಟೆ. ಬೇಸಿಗೆಯಲ್ಲಿ ಆ ಎಕರೆಗೆ ನೀರು ನಾಲ್ಕು ದಿನ ತಡವಾಗಿ ಬಿಟ್ಟರೂ ಮಣ್ಣು ಹಸಿ ಇರುತ್ತಿತ್ತು. ಮುಂದಿನ ಸಲ ಅದೇ ಜಾಗಕ್ಕೆ ಹುರುಳಿ.