ಶಾರ್ಕ್ ಹಲ್ಲಿನ ಅಚ್ಚು ತೆಗೆದ ಬಗೆ

ದಾವಣಗೆರೆಯಲ್ಲಿ ನನ್ನದೊಂದು ಡೆಂಟಲ್ ಲ್ಯಾಬ್ ಇದೆ. ದಂತವೈದ್ಯರು ಕಳಿಸುವ ಅಳತೆಗೆ ಸ್ಟೋನ್ (ನೀರಿನಲ್ಲಿ ಕಲಸಿದರೆ ಕಲ್ಲಿನಂತೆ ಗಟ್ಟಿಯಾಗುವ ಜಿಪ್ಸಮ್ ಪುಡಿ) ಸುರಿದು ಕ್ಯಾಪ್, ಹಲ್ಲಿನ ಸೆಟ್ ಮಾಡುವುದು ನನ್ನ ಕೆಲಸ. ಭೂವಿಜ್ಞಾನ ಕಲಿಸುವ ಗೆಳೆಯರೊಬ್ಬರು ತಮ್ಮ ಸಂಗ್ರಹದಲ್ಲಿದ್ದ ಶಾರ್ಕ್ ಹಲ್ಲಿನ ಪಳೆಯುಳಿಕೆಗಳನ್ನು ತಂದು, ‘ಶಾಲೆಯ ಮಕ್ಕಳ ಕೈಗೆ ಕೊಡುವಂಥ ಪ್ರತಿಗಳನ್ನು ಮಾಡಿಕೊಡುತ್ತೀರಾ?’ ಎಂದು ಕೇಳಿದರು. ಕೂಡಲೇ ಒಪ್ಪಿಕೊಂಡೆ. ಶಾರ್ಕ್‌ಗಳ ಅಸ್ಥಿಪಂಜರ ಮೃದ್ವಸ್ಥಿಯದು, ಹೆಚ್ಚಾಗಿ ಕೊಳೆತುಹೋಗುತ್ತದೆ. ಹಲ್ಲುಗಳಾದರೋ ಬದುಕಿನುದ್ದಕ್ಕೂ ಸಾವಿರಾರು ಉದುರಿ, ಹೊಸವು ಬರುತ್ತಲೇ ಇರುತ್ತವೆ. ಹಾಗಾಗಿ ಅಳಿದುಹೋದ ಎಷ್ಟೋ ಶಾರ್ಕ್‌ಗಳ ವಿಷಯದಲ್ಲಿ ನಮಗೆ ಉಳಿದಿರುವ ಸಾಕ್ಷಿ ಹಲ್ಲು ಮಾತ್ರ.

ಬಾಯಿಯ ಅಳತೆಗೆ ನೀರಿನಲ್ಲಿ ಕಲಸಿ ಬಳಸುವ ಆಲ್ಜಿನೇಟ್ ಇಲ್ಲಿ ನಡೆಯುವುದಿಲ್ಲ. ಅದು ಒದ್ದೆ, ಪಳೆಯುಳಿಕೆಯ ಬೇರು ಸಣ್ಣ ರಂಧ್ರಗಳಿಂದ ತುಂಬಿದ್ದು ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ಮೊದಲು ಬೇರಿಗೆ ಅಸಿಟೋನಿನಲ್ಲಿ ತೆಳ್ಳಗೆ ಕರಗಿಸಿದ ಪ್ಯಾರಲಾಯ್ಡ್ ಬಿ-72 ಸವರುತ್ತೇನೆ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ರಾಳ ಇದು. ಬೇಡವೆನಿಸಿದರೆ ಅಸಿಟೋನಿನಿಂದಲೇ ತೆಗೆಯಬಹುದು. ಚೆನ್ನಾಗಿ ಒಣಗಿದ ಮೇಲೆ, ಅಚ್ಚು ತೆಗೆಯಲು ಹಿಟ್ಟಿನಂತೆ ಕಲಸುವ ಸಿಲಿಕೋನ್ ಪುಟ್ಟಿಯ ಸರದಿ. ಲೇಟೆಕ್ಸ್ ಕೈಗವಸು ಹಾಕಿಕೊಂಡು ಪುಟ್ಟಿ ಕಲಸಬಾರದು. ಅದರಲ್ಲಿನ ಗಂಧಕದ ಅಂಶ ತಗುಲಿದರೆ ಪುಟ್ಟಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ವಿನೈಲ್ ಕೈಗವಸು ಆಗುತ್ತದೆ.

ಹಲ್ಲನ್ನು ಮಲಗಿಸಿ ಅಂಚಿನವರೆಗೆ ಮಾತ್ರ ಪುಟ್ಟಿಯಲ್ಲಿ ಒತ್ತುತ್ತೇನೆ. ಅದು ಗಟ್ಟಿಯಾದ ಮೇಲೆ ಪುಟ್ಟಿಯ ಮುಖಕ್ಕೆ ವ್ಯಾಸಲೀನ್ ತೆಳುವಾಗಿ ಸವರಬೇಕು, ಇಲ್ಲದಿದ್ದರೆ ಸಿಲಿಕೋನ್ ಸಿಲಿಕೋನಿಗೇ ಅಂಟಿ ಎರಡು ಭಾಗ ಬಿಡಿಸಲಾಗದು. ಮೇಲಿನ ಅರ್ಧಕ್ಕೆ ಮೊದಲು ಲೈಟ್ ಬಾಡಿ, ಅಂದರೆ ತೆಳುವಾಗಿ ಹರಿಯುವ ಸಿಲಿಕೋನ್, ಅದರ ಮೇಲೆ ಪುಟ್ಟಿ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಹಿಡಿಯುವುದು ಲೈಟ್ ಬಾಡಿಯೇ.

ಎರಡು ಭಾಗ ಬಿಡಿಸಿ, ಹಲ್ಲನ್ನು ತೆಗೆದು, ಅಚ್ಚನ್ನು ಮತ್ತೆ ಜೋಡಿಸುತ್ತೇನೆ. ಎರಕಕ್ಕೆ ಡೈ ಸ್ಟೋನ್ ಎಂಬ ಹೆಚ್ಚು ಗಟ್ಟಿಯಾದ ಸ್ಟೋನ್: 100 ಗ್ರಾಂ ಪುಡಿಗೆ ಸುಮಾರು 22 ಮಿಲಿ ನೀರು. ಬೇರಿನ ಕಡೆ ಬಿಟ್ಟ ರಂಧ್ರದಿಂದ, ವೈಬ್ರೇಟರ್ ಮೇಲಿಟ್ಟು, ಒಂದು ಪಕ್ಕದಿಂದ ಮಾತ್ರ ಸ್ವಲ್ಪಸ್ವಲ್ಪವೇ ಹರಿಸುತ್ತೇನೆ. ಆಗ ಗಾಳಿ ಇನ್ನೊಂದು ಪಕ್ಕದಿಂದ ಹೊರಬರುತ್ತದೆ. ತುದಿಯಲ್ಲಿ ಗುಳ್ಳೆ ನಿಂತರೆ ಹಲ್ಲು ಮೊಂಡಾಗುತ್ತದೆ. ಒಂದು ಗಂಟೆ ಬಿಟ್ಟು ಬಿಡಿಸಬೇಕು.

ಇಷ್ಟೆಲ್ಲ ಎಚ್ಚರಿಕೆ ಹಲ್ಲಿನ ಅಂಚಿಗಾಗಿ. ಮೊರಾಕ್ಕೊದ ಖೌರಿಬ್ಗಾ ಫಾಸ್ಫೇಟ್ ಗಣಿ ಪ್ರದೇಶದ ಓಟೋಡಸ್ ಒಬ್ಲಿಕ್ವಸ್ ಎಂಬ ಶಾರ್ಕಿನ ಹಲ್ಲಿನ ಅಂಚು ನುಣುಪು, ಇಕ್ಕೆಲದಲ್ಲಿ ಒಂದೊಂದು ಮರಿಮೊನೆ. ಅದು ಸುಮಾರು 5 ಕೋಟಿ ವರ್ಷಗಳ ಹಿಂದಿನದು. ಅದೇ ವಂಶದಲ್ಲಿ ಮುಂದೆ ಬಂದ ಮೆಗಲೊಡಾನ್, ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದದ್ದು, ಬೆಳೆದಾಗ ಮರಿಮೊನೆಯಿಲ್ಲದ, ಅಂಚಿನುದ್ದಕ್ಕೂ ಸಣ್ಣ ಗರಗಸವಿರುವ ಹಲ್ಲನ್ನು ಹೊಂದಿತ್ತು. ಅದರ ಅತಿ ದೊಡ್ಡ ಹಲ್ಲುಗಳು 17 ಸೆಂಟಿಮೀಟರ್ ದಾಟುತ್ತವೆ. ಎರಡೂ ಪ್ರತಿಗಳನ್ನು ಮೇಜಿನ ಮೇಲಿಟ್ಟು ಮಕ್ಕಳಿಗೆ ಉಗುರಿನಿಂದ ಅಂಚು ಸವರಲು ಹೇಳುತ್ತೇನೆ. ಒಂದರಲ್ಲಿ ಉಗುರು ಜಾರುತ್ತದೆ, ಇನ್ನೊಂದರಲ್ಲಿ ಗರಗರ ಎನ್ನುತ್ತದೆ. ಕಚ್ಚಿ ಹಿಡಿಯುವ ಹಲ್ಲು ಕೊಯ್ಯುವ ಹಲ್ಲಾಗಿ ಬದಲಾದ ಕಥೆ ಅವರಿಗೆ ಅಲ್ಲೇ ತಿಳಿಯುತ್ತದೆ. ಚಿತ್ರ ತೋರಿಸಿ ಎಷ್ಟು ಹೇಳಿದರೂ ಇದು ತಲೆಗೆ ಹೋಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನನಗೆ ಅತ್ಯಂತ ಪ್ರಿಯವಾದದ್ದು ಟೈಕೋಡಸ್. ಡೈನೋಸಾರ್‌ಗಳ ಕಾಲದ ಕೊನೆಯ ಘಟ್ಟವಾದ ಕ್ರಿಟೇಶಿಯಸ್ ಯುಗದ ಈ ಶಾರ್ಕ್ ಹಲ್ಲುಗಳು ತಮಿಳುನಾಡಿನ ಕಾರೈ ಶಿಲಾಸ್ತರಗಳಲ್ಲೂ ಸಿಕ್ಕಿವೆ. ಮೊನೆಯೇ ಇಲ್ಲ, ಹೊಸದಾಗಿ ಮುಳ್ಳು ಹಾಕಿಸಿದ ಬೀಸುವ ಕಲ್ಲಿನಂತೆ ಮೇಲೆಲ್ಲ ಏಣುಗಳು. ಗಟ್ಟಿ ಚಿಪ್ಪಿನ ಜೀವಿಗಳನ್ನು ಪುಡಿಮಾಡಿ ತಿನ್ನಲು ತಕ್ಕ ಹಲ್ಲು.

ಚಿತ್ರದುರ್ಗದ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು, ‘ಸರ್, ನಮ್ಮ ಕೋಟೆಯ ಬೆಟ್ಟದಲ್ಲಿ ಅಗೆದರೆ ಇವು ಸಿಗುತ್ತವೆಯೇ?’ ಎಂದು ಕೇಳಿದಳು. ಸಿಗುವುದಿಲ್ಲ. ಕೋಟೆಯ ಕಲ್ಲು ಕರಗಿದ ಶಿಲಾಪಾಕ ಆರಿ ಆದದ್ದು, ಮೇಲಾಗಿ 250 ಕೋಟಿ ವರ್ಷಕ್ಕೂ ಹಳೆಯದು. ಹತ್ತಿರದ ಮರಡಿಹಳ್ಳಿಯಲ್ಲಿರುವ ದಿಂಬಿನಾಕಾರದ ಲಾವಾ ನೀರಿನಡಿಯಲ್ಲಿ ಹೆಪ್ಪುಗಟ್ಟಿದ್ದು ನಿಜ. ಆದರೆ ಆ ನೀರಿನಲ್ಲಿ ಶಾರ್ಕ್ ಇರಲಿ, ಮೀನೇ ಇರಲಿಲ್ಲ. ಶಾರ್ಕ್ ಬರಲು ಇನ್ನೂ 200 ಕೋಟಿ ವರ್ಷ ಬೇಕಿತ್ತು. ಈಗ ಪ್ರತಿಗಳ ಜೊತೆ ಆ ಲಾವಾದ ಫೋಟೊ ಒಂದನ್ನೂ ಒಯ್ಯುತ್ತೇನೆ.

ಪ್ರತಿಗಳಿಗೆ ಬಣ್ಣ ಹಚ್ಚುವಾಗ ಅಸಲು ಹಲ್ಲು ಎದುರಿಗಿರಬೇಕು. ಕಪ್ಪು, ಕಂದು, ಜೇನುಬಣ್ಣ ಬಂದದ್ದು ಹೂತಿದ್ದ ಮಣ್ಣಿನ ಖನಿಜಗಳಿಂದ, ವಯಸ್ಸಿನಿಂದಲ್ಲ. ಕೊನೆಗೆ ಬೇರಿನ ಹಿಂಭಾಗದಲ್ಲಿ ಜಾತಿ, ಸಿಕ್ಕ ಜಾಗ ಮತ್ತು ‘ಪ್ರತಿ’ ಎಂದು ಕೊರೆಯುತ್ತೇನೆ. ಮೇಲೆ ಬರೆದರೆ ಅಳಿಸಬಹುದು, ಅಸಲೆಂದು ಮಾರುವವರೂ ಇದ್ದಾರೆ.