ಮನೆಯಲ್ಲಿ ಗ್ವಾಕಮೋಲೆ ಮಾಡುವ ಕ್ರಮ

ಗ್ವಾಕಮೋಲೆ ಬೆಣ್ಣೆಹಣ್ಣಿನ ತಿರುಳನ್ನು ಒತ್ತಿ ಮಾಡುವ, ಮೆಕ್ಸಿಕೋದ ಬಹಳ ಹಳೆಯ ಅಡುಗೆ. ಅಲ್ಲಿನ ಹಳೆಯ ಕಾಲದ ಜನರಾದ ಅಸ್ಟೆಕರು ಆಡುತ್ತಿದ್ದ ನಾವಾಟ್ಲ್ ಭಾಷೆಯಲ್ಲಿ ‘ಆವಕಟ್ಲ್’ ಎಂದರೆ ಬೆಣ್ಣೆಹಣ್ಣು, ‘ಮೊಲ್ಲಿ’ ಎಂದರೆ ಸಾಸ್. ಇವೆರಡೂ ಕೂಡಿ ಆದ ‘ಆವಕಮೊಲ್ಲಿ’ಯೇ ಸ್ಪ್ಯಾನಿಷರ ನಾಲಿಗೆಯಲ್ಲಿ ಗ್ವಾಕಮೋಲೆ ಆಯಿತು. ಇದರಲ್ಲಿ ಬೆಣ್ಣೆಹಣ್ಣೇ ಮುಖ್ಯ. ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ, ಉಪ್ಪು ಎಲ್ಲವೂ ಅದರ ರುಚಿಯನ್ನು ಎತ್ತಿ ತೋರಿಸಲು ಇರುವಂಥವು. ಒಲೆ ಹಚ್ಚದೆ ಮಾಡುವ ಅಡುಗೆಯಾದ್ದರಿಂದ ಹಣ್ಣಿನಲ್ಲಿ ಕೊರತೆಯಿದ್ದರೆ ಅದನ್ನು ಬೇಯಿಸಿ ಮರೆಮಾಡುವ ದಾರಿ ಇಲ್ಲಿಲ್ಲ. ಆದ್ದರಿಂದ ಗ್ವಾಕಮೋಲೆಯ ಅರ್ಧಕ್ಕಿಂತ ಹೆಚ್ಚಿನ ಕೆಲಸ ಹಣ್ಣನ್ನು ಆರಿಸಿ, ಅದು ಹದವಾಗಿ ಮಾಗುವವರೆಗೆ ಕಾಯುವುದರಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ.

ಬೆಣ್ಣೆಹಣ್ಣಿನಲ್ಲಿ ಅನೇಕ ತಳಿಗಳಿವೆ. ಗ್ವಾಕಮೋಲೆಗೆ ಹೆಚ್ಚಾಗಿ ಬಳಸುವುದು ಹಾಸ್ ತಳಿಯನ್ನು. ಕ್ಯಾಲಿಫೋರ್ನಿಯಾದ ಅಂಚೆ ನೌಕರ ರುಡಾಲ್ಫ್ ಹಾಸ್ ಅವರು ಬೆಳೆಸಿದ ಒಂದು ಮರದಿಂದ ಬಂದ ಈ ತಳಿಗೆ 1935ರಲ್ಲಿ ಪೇಟೆಂಟ್ ದೊರೆಯಿತು. ಇದರ ಸಿಪ್ಪೆ ಒರಟಾಗಿದ್ದು, ಮಾಗುತ್ತ ಹೋದಂತೆ ಹಸಿರಿನಿಂದ ಕಪ್ಪು ನೇರಳೆಗೆ ತಿರುಗುತ್ತದೆ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಿರುಳು ದಟ್ಟವಾಗಿರುತ್ತದೆ. ನುಣುಪಾದ ಹಸಿರು ಸಿಪ್ಪೆಯ ದೊಡ್ಡ ಹಣ್ಣುಗಳಲ್ಲಿ ಸಾಮಾನ್ಯವಾಗಿ ನೀರು ಹೆಚ್ಚು, ಎಣ್ಣೆ ಕಡಿಮೆ. ಅಂಥವು ಮಾತ್ರ ಸಿಕ್ಕರೂ ಕೆಲಸ ನಿಲ್ಲಬೇಕಾಗಿಲ್ಲ, ಆದರೆ ಆಗ ನಿಂಬೆರಸವನ್ನು ಇನ್ನಷ್ಟು ಕಡಿಮೆ ಮಾಡಿ, ಟೊಮೆಟೊವನ್ನು ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದು.

ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆಯೇ ಹೊರತು ಅಲ್ಲಿ ಮೆತ್ತಗಾಗುವುದಿಲ್ಲ. ಕೊಯ್ದ ಮೇಲೆಯೇ ಅದು ಮಾಗತೊಡಗುತ್ತದೆ. ಹಾಗಾಗಿ ಗಟ್ಟಿಯಾದ ಹಣ್ಣನ್ನು ನಾಲ್ಕೈದು ದಿನ ಮೊದಲೇ ತಂದಿಟ್ಟುಕೊಳ್ಳುವುದು ಜಾಣತನ. ಬೇಗ ಮಾಗಬೇಕಿದ್ದರೆ ಒಂದು ಬಾಳೆಹಣ್ಣಿನೊಂದಿಗೆ ಕಾಗದದ ಚೀಲದಲ್ಲಿ ಕಟ್ಟಿಡಬೇಕು; ಬಾಳೆಹಣ್ಣು ಹೊರಬಿಡುವ ಎಥಿಲೀನ್ ಅನಿಲ ಚೀಲದೊಳಗೇ ಉಳಿದು ಮಾಗುವಿಕೆಯನ್ನು ಚುರುಕುಗೊಳಿಸುತ್ತದೆ. ಗಟ್ಟಿ ಹಣ್ಣನ್ನು ಫ್ರಿಜ್‌ನಲ್ಲಿ ಇಡಬಾರದು, ಏಕೆಂದರೆ ತಂಪಿನಲ್ಲಿ ಮಾಗುವ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಹದಕ್ಕೆ ಬಂದ ಹಣ್ಣನ್ನಾದರೆ ಎರಡು ಮೂರು ದಿನ ಹಾಗೆಯೇ ಕಾಪಾಡಲು ಅದೇ ಫ್ರಿಜ್ ನೆರವಾಗುತ್ತದೆ. ಹದ ತಿಳಿಯಲು ಹಣ್ಣನ್ನು ಬೆರಳ ತುದಿಯಿಂದ ಚುಚ್ಚಿ ನೋಡಬಾರದು, ಚುಚ್ಚಿದ ಕಡೆಯಲ್ಲಿ ಒಳಗೆ ಕಂದು ಕಲೆ ಬೀಳುತ್ತದೆ. ಅಂಗೈಯಲ್ಲಿ ಹಿಡಿದು ಇಡೀ ಕೈಯಿಂದ ಮೆಲ್ಲಗೆ ಅದುಮಿದಾಗ ಸ್ವಲ್ಪ ಬಗ್ಗಿದರೆ ಸರಿ. ಹಿಸುಕಿದಂತೆ ಒಳಕ್ಕೆ ಹೋದರೆ ಅಥವಾ ಸಿಪ್ಪೆ ತಿರುಳಿನಿಂದ ಬೇರ್ಪಟ್ಟು ಟೊಳ್ಳಾಗಿ ತೋರಿದರೆ ಹದ ಮೀರಿದೆ.

ಮೂರು ನಾಲ್ಕು ಜನರಿಗೆ ಮಧ್ಯಮ ಗಾತ್ರದ 3 ಹಣ್ಣು, ಸಣ್ಣಗೆ ಹೆಚ್ಚಿದ ಬಿಳಿ ಈರುಳ್ಳಿ 3 ದೊಡ್ಡ ಚಮಚ, ಹಸಿಮೆಣಸಿನಕಾಯಿ 1 ಅಥವಾ 2, ಹೆಚ್ಚಿದ ಕೊತ್ತಂಬರಿ ಸೊಪ್ಪು 3 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ಉಪ್ಪು ಮುಕ್ಕಾಲು ಚಿಕ್ಕ ಚಮಚ ಸಾಕಾಗುತ್ತದೆ. ಮೆಕ್ಸಿಕೋದಲ್ಲಿ ಸೆರಾನೋ ಅಥವಾ ಹಲಪೇನ್ಯೊ ಮೆಣಸಿನಕಾಯಿಯನ್ನು ಬಳಸುತ್ತಾರೆ. ಇವೆರಡರಲ್ಲಿ ಸೆರಾನೋ ಹೆಚ್ಚು ಖಾರ. ಮೆಣಸಿನಕಾಯಿಯ ಖಾರ ಬಹುಪಾಲು ಇರುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ಭಾಗದಲ್ಲಿ, ಆದ್ದರಿಂದ ಖಾರ ಒಗ್ಗದವರು ಅದನ್ನು ಕೆರೆದು ತೆಗೆಯಬಹುದು. ಈರುಳ್ಳಿಯ ಘಾಟು ಹೆಚ್ಚಾಗಿದ್ದರೆ ಹೆಚ್ಚಿದ ಮೇಲೆ ಒಮ್ಮೆ ತಣ್ಣೀರಿನಲ್ಲಿ ತೊಳೆದು, ನೀರನ್ನು ಪೂರ್ತಿ ಬಸಿದುಕೊಳ್ಳಬೇಕು.

ಇನ್ನು ಮಾಡುವ ಕ್ರಮ. ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ ಕಲಸುವುದು ಸುಲಭವೆನಿಸಿದರೂ ರುಚಿಯ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ. ಮೆಕ್ಸಿಕೋದ ಮನೆಗಳಲ್ಲಿ ಇದಕ್ಕಾಗಿ ಮೊಲ್ಕಹೇತೆ ಎಂಬ, ಅಗ್ನಿಶಿಲೆಯಲ್ಲಿ ಕಡೆದ ಮೂರು ಕಾಲಿನ ಕಲ್ಲನ್ನು ಬಳಸುತ್ತಾರೆ. ಅದಿಲ್ಲದವರಿಗೆ ಕುಟ್ಟಾಣಿ ಸಾಕು. ಮೊದಲು ಈರುಳ್ಳಿಯ ಅರ್ಧ ಭಾಗ, ಮೆಣಸಿನಕಾಯಿ, ಕೊತ್ತಂಬರಿಯ ಅರ್ಧ ಭಾಗ ಮತ್ತು ಉಪ್ಪನ್ನು ಹಾಕಿ, ಒದ್ದೆಯಾದ ಹಸಿರು ಚಟ್ನಿಯಂತಾಗುವವರೆಗೆ ಅರೆಯಬೇಕು. ಉಪ್ಪಿನ ಹರಳುಗಳು ಈರುಳ್ಳಿಯನ್ನು ಒಡೆದು ರಸ ಬಿಡಿಸುತ್ತವೆ. ಹೀಗೆ ಬಿಟ್ಟ ರಸ ಮುಂದೆ ಹಣ್ಣಿನ ಪ್ರತಿ ತುತ್ತಿಗೂ ಹರಡುತ್ತದೆ, ಇಲ್ಲವಾದರೆ ಒಂದು ಬಾಯಿಗೆ ಬರೀ ಹಣ್ಣು, ಇನ್ನೊಂದು ಬಾಯಿಗೆ ಬರೀ ಖಾರ ಸಿಗುತ್ತದೆ.

ಅನಂತರವೇ ಹಣ್ಣನ್ನು ಕತ್ತರಿಸಬೇಕು. ಹಣ್ಣನ್ನು ಹಲಗೆಯ ಮೇಲಿಟ್ಟು ಬೀಜದ ಸುತ್ತ ಉದ್ದಕ್ಕೆ ಕೊಯ್ದು, ಎರಡು ಹೋಳುಗಳನ್ನೂ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತವೆ. ಹೋಳನ್ನು ಅಂಗೈಯಲ್ಲಿ ಹಿಡಿದು ಬೀಜಕ್ಕೆ ಚಾಕುವಿನಿಂದ ಹೊಡೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಚಾಕು ಜಾರಿ ಕೈಯ ನರಗಳಿಗೆ ಗಾಯವಾಗಿ ಆಸ್ಪತ್ರೆಗೆ ಹೋದವರು ಅನೇಕರಿದ್ದಾರೆ. ಚಮಚವನ್ನು ಬೀಜದ ಅಡಿಗೆ ತೂರಿಸಿ ಎಬ್ಬಿಸಿದರೆ, ಹದವಾಗಿ ಮಾಗಿದ ಹಣ್ಣಿನಲ್ಲಿ ಅದು ತಾನಾಗಿ ಕಳಚಿ ಬರುತ್ತದೆ.

ತಿರುಳನ್ನು ಅರೆದ ಮಿಶ್ರಣದ ಮೇಲೆ ಹಾಕಿ, ಫೋರ್ಕ್‌ನಿಂದ ಅಥವಾ ಕುಟ್ಟಾಣಿಯ ಗುಂಡಿನಿಂದ ಒರಟಾಗಿ ಒತ್ತಬೇಕು. ಮೂರನೆಯ ಒಂದು ಪಾಲಿನಷ್ಟು ತಿರುಳು ಸಣ್ಣ ತುಂಡುಗಳಾಗಿಯೇ ಉಳಿದು, ಉಳಿದದ್ದು ಅವುಗಳನ್ನು ಹಿಡಿದುಕೊಳ್ಳುವಷ್ಟು ನುಣ್ಣಗಾದಾಗ ನಿಲ್ಲಿಸಬೇಕು. ಮಿಕ್ಸಿಯಲ್ಲಿ ತಿರುಗಿಸಿದರೆ ಒಂದೇ ಸಮನಾದ ಹಸಿರು ಪೇಸ್ಟ್ ಸಿಗುತ್ತದೆ, ತುಂಡುಗಳು ಬಾಯಲ್ಲಿ ಕರಗುವ ಸುಖ ಅದರಲ್ಲಿ ಇರುವುದಿಲ್ಲ. ಕೊನೆಗೆ ಉಳಿದ ಈರುಳ್ಳಿ, ಕೊತ್ತಂಬರಿ ಸೇರಿಸಿ ಮೇಲೆ ಕೆಳಗೆ ಮಾಡಿ, ನಿಂಬೆರಸವನ್ನು ಅರ್ಧ ಮಾತ್ರ ಹಾಕಿ ರುಚಿ ನೋಡಿ, ಬೇಕೆನಿಸಿದರೆ ಉಳಿದದ್ದನ್ನು ಹಾಕಬೇಕು. ನಿಂಬೆ ಮುಂದಾದರೆ ಹಣ್ಣಿನ ಸೂಕ್ಷ್ಮವಾದ ರುಚಿ ಹಿಂದೆ ಸರಿಯುತ್ತದೆ. ಮೆಕ್ಸಿಕೋದಲ್ಲಿ ನಿಂಬೆರಸವನ್ನೇ ಹಾಕದೆ ಮಾಡುವವರೂ ಇದ್ದಾರೆ. ಉಪ್ಪಿನ ವಿಷಯದಲ್ಲಿ ಮಾತ್ರ ಹಿಂಜರಿಯಬಾರದು, ಏಕೆಂದರೆ ಎಣ್ಣೆಯಂಶ ತುಂಬಿದ ಈ ಹಣ್ಣು ಉಪ್ಪು ಕಡಿಮೆಯಾದರೆ ಸಪ್ಪೆಯೆನಿಸುತ್ತದೆ. ಟಾರ್ಟಿಯಾ ಚಿಪ್ಸ್ (ಮೆಕ್ಕೆಜೋಳದ ರೊಟ್ಟಿಯ ಗರಿಗರಿ ತುಂಡುಗಳು) ಜೊತೆ ಬಡಿಸುವುದಾದರೆ ಚಿಪ್ಸ್‌ನಲ್ಲಿಯೂ ಉಪ್ಪಿರುವುದರಿಂದ, ಅದರೊಂದಿಗೇ ತಿಂದು ಉಪ್ಪನ್ನು ಹೊಂದಿಸಿಕೊಳ್ಳಬೇಕು.

ಟೊಮೆಟೊ ಬೇಕೆನ್ನುವವರು ಬೀಜ ಮತ್ತು ರಸವನ್ನು ತೆಗೆದು, ಗಟ್ಟಿ ಭಾಗವನ್ನಷ್ಟೇ ಸಣ್ಣಗೆ ಹೆಚ್ಚಿ ಬಡಿಸುವ ಹೊತ್ತಿಗೆ ಸೇರಿಸಲಿ. ಬೆಳ್ಳುಳ್ಳಿ, ಜೀರಿಗೆ, ಮೊಸರು, ಮಯೋನೀಸ್ ಮೊದಲಾದವನ್ನು ನಾನು ಸೇರಿಸುವುದಿಲ್ಲ. ಅವು ಹಣ್ಣಿನ ರುಚಿಯನ್ನು ಮುಚ್ಚುತ್ತವೆ.

ಗ್ವಾಕಮೋಲೆ ಕಂದಾಗುವುದೇಕೆಂಬುದನ್ನು ತಿಳಿದರೆ ಅದನ್ನು ತಡೆಯುವ ಉಪಾಯವೂ ಹೊಳೆಯುತ್ತದೆ. ತಿರುಳನ್ನು ಒತ್ತಿದಾಗ ಕೋಶಗಳು ಒಡೆದು, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಗಾಳಿಯ ಆಮ್ಲಜನಕದ ನೆರವಿನಿಂದ ಹಣ್ಣಿನಲ್ಲಿರುವ ಫಿನಾಲ್‌ಗಳೆಂಬ ರಾಸಾಯನಿಕಗಳನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ನಿಂಬೆಯ ಹುಳಿ ಈ ಕಿಣ್ವವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಬಟ್ಟಲಿನ ನಡುವೆ ಬೀಜವನ್ನು ಇಟ್ಟರೆ ಬಣ್ಣ ಉಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಬೀಜ ಕಾಪಾಡುವುದು ತನ್ನ ಅಡಿಯಲ್ಲಿ ಗಾಳಿ ತಾಗದಿರುವ ಅಷ್ಟು ಜಾಗವನ್ನು ಮಾತ್ರ. ಅದರ ಬದಲು ಮೇಲ್ಮೈಯನ್ನು ಚಮಚದಿಂದ ಸಮಮಾಡಿ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನಡುವೆ ಗಾಳಿ ಉಳಿಯದಂತೆ ಅದಕ್ಕೇ ಅಂಟಿಸಿ ಫ್ರಿಜ್‌ನಲ್ಲಿ ಇಟ್ಟರೆ ಮರುದಿನದವರೆಗೂ ಹಸಿರು ಬಹುಪಾಲು ಉಳಿಯುತ್ತದೆ. ಹಾಳೆ ಇಲ್ಲದಿದ್ದರೆ ಮೇಲೆ ಅರ್ಧ ಅಂಗುಲ ತಣ್ಣೀರು ನಿಲ್ಲಿಸಿ ಮುಚ್ಚಿಟ್ಟು, ಬಡಿಸುವ ಮುನ್ನ ನೀರನ್ನು ಮೆಲ್ಲಗೆ ಬಗ್ಗಿಸಿ ಕಲಸಿಕೊಳ್ಳಬಹುದು. ಮೇಲ್ಪದರ ತುಸು ಕಂದಾಗಿದ್ದರೂ ಕೆಟ್ಟಿದೆ ಎಂದಲ್ಲ. ಅಷ್ಟನ್ನು ಕೆರೆದು ತೆಗೆದರೆ ಕೆಳಗೆ ಹಸಿರು ಹಾಗೆಯೇ ಇರುತ್ತದೆ.