ಮೇಷ್ಟ್ರೇ ಮೊದ್ಲು ಶಾಪ್‌ಗೆ ಹೋಗ್ಬೇಕು: ನನ್ನ ಅನುಭವ

ಪೀಣ್ಯ ಕಡೆ ಒಂದು ಪ್ರೈವೇಟ್ ಐಟಿಐಲಿ ಟರ್ನರ್ ಟ್ರೇಡ್‌ಗೆ, ಅಂದ್ರೆ ಲೇತ್ ಮೆಷಿನ್ನಲ್ಲಿ ಲೋಹ ಕಡೆಯೋ ಕೆಲ್ಸಕ್ಕೆ, ಇನ್‌ಸ್ಟ್ರಕ್ಟರ್ ನಾನು, 11 ವರ್ಷ ಆಯ್ತು. ಹುಡುಗ್ರು ಪಾಸ್ ಆಗ್ತಿದ್ರು, ಎನ್‌ಟಿಸಿ (ಐಟಿಐ ಸರ್ಟಿಫಿಕೇಟ್) ಕೈಗೆ ಬರ್ತಿತ್ತು, ಆದ್ರೆ ಮೆಷಿನ್ ಶಾಪಲ್ಲಿ ಕೆಲ್ಸಕ್ಕೆ ತಗೊಳ್ಳೋ ಮುಂಚೆ ಪರೀಕ್ಷೆಗೆ ಟ್ರಯಲ್ ಜಾಬ್ ಕೊಟ್ರೆ 10ರಲ್ಲಿ 7 ಜನ ವಾಪಸ್. ಸ್ಟಾಫ್ ರೂಮಲ್ಲಿ ಎಲ್ರದ್ದೂ ಒಂದೇ ರಾಗ, ಹುಡುಗ್ರು ಸರಿ ಇಲ್ಲ, ಲೇತ್ ಹಳೇದು. ನಾನೂ ಹಾಡ್ದೋನೇ.

ಒಂದಿನ ಶಾಪ್ ಓನರ್ ಒಬ್ರು "ಮೇಷ್ಟ್ರೇ, ನೀವೇ ಒಂದು ಎಂ20 ಹೊಡೀರಿ ನೋಡೋಣ" ಅಂದ್ರು, ಅಂದ್ರೆ 20 ಎಂಎಂ ಬೋಲ್ಟಿನ ಥ್ರೆಡ್. 2.5 ಎಂಎಂ ಪಿಚ್ಚು, ಟೂಲ್ ಪ್ರತಿ ಸಲ ಅದೇ ಗೆರೇಲಿ ಹೋಗೋಕೆ ನೋಡ್ಬೇಕಾದ ಚೇಸಿಂಗ್ ಡಯಲ್ ನೋಡದೇನೆ, ಟೂಲ್ ಓಡಿಸೋ ಹಾಫ್ ನಟ್ ಹಾಕ್ಬಿಟ್ಟೆ, ಮೂರನೇ ಪಾಸಲ್ಲೇ ಥ್ರೆಡ್ ಕಿತ್ಕೊಂಡ್ ಹೋಯ್ತು. ಮೂಲೇಲಿದ್ದ ಹೆಲ್ಪರ್ ಹುಡುಗ ನಕ್ಕ ನೋಡಿ, ಆವತ್ತು ನಿದ್ದೆ ಬರ್ಲಿಲ್ಲ.

ಆಮೇಲೆ ಸುಮಾರು 8 ತಿಂಗ್ಳು ಪ್ರತಿ ಶನಿವಾರ ಮಧ್ಯಾಹ್ನ ಅದೇ ಶಾಪಲ್ಲಿ ಬಿಟ್ಟಿ ಕೆಲ್ಸ. ಪೆಟ್ರೋಲು ಟೀ ಸೇರಿ ತಿಂಗ್ಳಿಗೆ ಒಂದೂವರೆ ಸಾವ್ರ, ಮೊದಲ ತಿಂಗ್ಳು ಹಾಳು ಮಾಡಿದ ಇಎನ್8 ಸ್ಟೀಲ್ ಪೀಸ್‌ಗಳಿಗೆ ಇನ್ನೊಂದು 2 ಸಾವ್ರ ಕಟ್ಟಿಸ್ಕೊಂಡ್ರು. ಮನೇಲಿ ಬೈಗುಳ, ಪ್ರಿನ್ಸಿಪಾಲ್ರು "ನಿಮಗ್ಯಾಕ್ರೀ ಈ ಉಸಾಬರಿ" ಅಂದ್ರು.

ಕ್ಲಾಸಿಗೆ ಬಂದ್ಮೇಲೆ ಮೊದ್ಲು ಬದಲಾಯ್ಸಿದ್ದು ಟೂಲ್ ಗ್ರೈಂಡಿಂಗ್, ಅಂದ್ರೆ ಕಟಿಂಗ್ ಟೂಲ್ ಸಾಣೆ ಹಿಡಿಯೋದು. ಎಲ್ರ ಕೈಗೂ ಎಚ್ಎಸ್ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಕೊಟ್ಟೆ, ಅರ್ಧ ಸವ್ಸಿ ಮುಗಿಸಿದ್ರು, ಸುಮಾರು 3 ಸಾವ್ರ ನನ್ನ ಜೇಬಿಂದ ಹೋಯ್ತು. ಆಮೇಲೆ ಗುಜರಿಯಿಂದ ಎಂಎಸ್ (ಮೆತ್ತನೆ ಮೈಲ್ಡ್ ಸ್ಟೀಲ್) ಸ್ಕ್ವೇರ್ ರಾಡ್ ತಂದು ಅದರಲ್ಲೇ ಆ್ಯಂಗಲ್ ಬರೋವರ್ಗೂ ಉಜ್ಜಿಸ್ದೆ, ಎಚ್ಎಸ್ಎಸ್ ಆಮೇಲೆ. ಶಾಪಲ್ಲಿ ರಿಜೆಕ್ಟ್ ಆದ ಪೀಸ್‌ಗಳನ್ನ ಚೀಲದಲ್ಲಿ ತಂದು, ಅಳತೆ ನೋಡೋಕೆ ಮೈಕ್ರೋಮೀಟರ್ ಕೊಟ್ಟು ತಪ್ಪು ಹುಡುಕ್ರೋ ಅಂತೀನಿ, ಡ್ರಾಯಿಂಗ್ ಓದೋದು ತಾನಾಗೇ ಬರುತ್ತೆ. ಮೈಕ್ರೋಮೀಟರ್ 'ಫೀಲ್', ಅಂದ್ರೆ ಎಷ್ಟು ಬಿಗಿ ಮಾಡ್ಬೇಕು ಅನ್ನೋ ಕೈ ಅಂದಾಜು, ಹೇಗೆ ಕೂರಿಸ್ತೀನಿ ಅನ್ನೋದು ಮಾತ್ರ ಇಲ್ಲಿ ಬರಿಯಲ್ಲ, ಬಂದ್ರೆ ತೋರಿಸ್ತೀನಿ.

ಮಧ್ಯೆ ಒಂದು ಹುಚ್ಚು, ವಾಟ್ಸಾಪ್ ಗ್ರೂಪಲ್ಲಿ ವಿಡಿಯೋ ಹಾಕ್ದೆ, ಒಬ್ಬನೂ ಪೂರ್ತಿ ನೋಡ್ಲಿಲ್ಲ. ಅದೇ ಲೇತ್ ಸದ್ದು ಮಾತ್ರ ರೆಕಾರ್ಡ್ ಮಾಡಿ, ಇದ್ರಲ್ಲಿ ಚಾಟರ್ (ಟೂಲ್ ಅದುರೋ ಸದ್ದು) ಯಾವ್ದು, ಸ್ಪೀಡ್ ಜಾಸ್ತಿ ಯಾವ್ದು ಹೇಳಿ ಅಂದ್ರೆ ಪಂದ್ಯ ಕಟ್ಕೊಂಡು ಕೇಳಿದ್ರು!

ಹೋದ ಬ್ಯಾಚಲ್ಲಿ 18 ಜನಾನೋ 19ಓ, 13 ಹುಡುಗ್ರು ಮೊದಲ ಟ್ರಯಲಲ್ಲೇ ಪಾಸು. ಒಬ್ಬ ಡೆಲಿವರಿ ಕೆಲ್ಸಕ್ಕೆ ಹೋದ, ದುಡ್ಡು ಅಲ್ಲೇ ಜಾಸ್ತಿ ಅಂತೆ, ಏನ್ ಹೇಳೋದು. ಲೇತ್ ಮಾತ್ರ ಅದೇ ಹಳೇದು. ಈಗ ನಮ್ಮ ವೆಲ್ಡರ್ ಮೇಷ್ಟ್ರೂ ಶನಿವಾರ ನನ್ನ ಬೈಕ್ ಹಿಂದೆ ಕೂತ್ಕೊಂಡು ಬರ್ತಾರೆ, ಪಕ್ಕದ ಫ್ಯಾಬ್ರಿಕೇಶನ್ ಶೆಡ್ಡಿಗೆ.